ಕಾದಂಬರಿಯ ರಾಜ್ಯಕ್ಕೆ ಪದವಿ, ಬಿರುದು, ಸಮ್ಮಾನ: ಕಟ್ಟುವ ಕ್ರಮ

‘ಡ್ಯೂಕ್’ ಎನ್ನುವುದಕ್ಕೆ ಕನ್ನಡದಲ್ಲಿ ಏನು? ಕಾಲ್ಪನಿಕ ರಾಜ್ಯವನ್ನು ಇಟ್ಟುಕೊಂಡು ಕಾದಂಬರಿ ಬರೆಯುವವರು, ಕಂಪ್ಯೂಟರ್ ಆಟಕ್ಕೆ ಕಥೆ ಹೆಣೆಯುವವರು ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ: ಒಂದು ರಾಜ್ಯದಲ್ಲಿ ಎಷ್ಟು ಮಂದಿ ಸಾಮಂತರಿರಬಹುದು, ಮತ್ತು ಕೊಟ್ಟ ಪದವಿಯನ್ನು ರಾಜ ಹಿಂದಕ್ಕೆ ಪಡೆಯಬಹುದೆ. ಮೂರಕ್ಕೂ ಇಲ್ಲಿ ಉತ್ತರವಿದೆ. ಆದರೆ ಹೆಸರಿನ ಪ್ರಶ್ನೆ ಮೂರನೆಯ ಹಂತಕ್ಕೆ ಬರುತ್ತದೆ, ಮೊದಲಿಗಲ್ಲ. ಹೆಸರುಗಳ ಪಟ್ಟಿಯಿಂದ ಆರಂಭಿಸಿದವರ ರಾಜ್ಯಗಳಲ್ಲಿ ಎಲ್ಲರಿಗೂ ಪದವಿ ಇರುತ್ತದೆ, ಯಾರಿಗೂ ಕೆಲಸ ಇರುವುದಿಲ್ಲ.

ಬೇಕಾದದ್ದು ಹೆಚ್ಚೇನಿಲ್ಲ. ರಾಜ್ಯದ ಒರಟು ನಕ್ಷೆ, ಹಳ್ಳಿಗಳ ಅಂದಾಜು ಸಂಖ್ಯೆ, ರಾಜವಂಶದ ಕನಿಷ್ಠ ನಾಲ್ಕು ತಲೆಮಾರಿನ ವಂಶವೃಕ್ಷ, ಲೆಕ್ಕ ಬರೆಯಲು ಒಂದು ಪುಸ್ತಕ ಅಥವಾ ಸ್ಪ್ರೆಡ್‌ಶೀಟ್.

ಆರಂಭಿಸುವ ಮುನ್ನ ಐದು ಮಾತುಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ‘ಪದವಿ’ ಎಂದರೆ ಮನೆತನದ ಅಂತಸ್ತು. ಸಾಮಾನ್ಯವಾಗಿ ಮಕ್ಕಳಿಗೆ ಇಳಿಯುವಂಥದ್ದು, ಮಹಾಸಾಮಂತ ಎನ್ನುವ ಹಾಗೆ. ‘ಹುದ್ದೆ’ ಎಂದರೆ ಮಾಡಬೇಕಾದ ಕೆಲಸ: ದಂಡನಾಯಕ, ಸೇನಬೋವ (ಲೆಕ್ಕಪತ್ರ ಬರೆಯುವವನು). ‘ಬಿರುದು’ ಒಬ್ಬ ವ್ಯಕ್ತಿ ಮಾಡಿದ ಸಾಧನೆಯ ಹೆಸರು. ‘ಸಮ್ಮಾನಶ್ರೇಣಿ’ ಎಂದರೆ ಸದಸ್ಯತ್ವ, ದರ್ಜೆ, ಪದಕಗಳಿರುವ ಗೌರವಕೂಟ. ಇಂಗ್ಲೆಂಡಿನ ಗಾರ್ಟರ್, ಫ್ರಾನ್ಸಿನ ಲೀಜನ್ ಆಫ್ ಆನರ್ ಈ ಜಾತಿಯವು. ‘ಉಂಬಳಿ’ ಎಂದರೆ ಇವುಗಳಲ್ಲಿ ಯಾವುದರ ಜೊತೆಗಾದರೂ ಬರುವ ಭೂಮಿಯ ಆದಾಯ. ಐದನ್ನೂ ಒಬ್ಬನೇ ಹೊಂದಿರಬಹುದು, ಆದರೆ ಒಂದು ಹೋದರೆ ಇನ್ನೊಂದು ತಾನಾಗಿ ಹೋಗುವುದಿಲ್ಲ. ಕಥೆಯ ಎಷ್ಟೋ ತಿರುವುಗಳು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಹಂತ 1: ಭೂಮಿಯ ಲೆಕ್ಕ

ಮಾದರಿಗೆ ‘ಮಲೆಸೀಮೆ’ ಎಂಬ ಕಾಲ್ಪನಿಕ ರಾಜ್ಯ ಇರಲಿ. 12 ನಾಡುಗಳು, ನಾಡಿಗೆ 100ರಂತೆ 1200 ಹಳ್ಳಿಗಳು. ಹಳ್ಳಿಗೆ 400 ಜನ ಎಂದರೆ 4,80,000 ಪ್ರಜೆಗಳು. ಲೆಕ್ಕ ಸುಲಭವಾಗಲೆಂದು ಹಳ್ಳಿಗೆ ವರ್ಷಕ್ಕೆ 100 ವರಹ ಕಂದಾಯ ಎಂದುಕೊಳ್ಳಿ.

ಈ ಹಳ್ಳಿಗಳನ್ನು ಮೂರು ಪಾಲು ಮಾಡಿ. ವಿಜಯನಗರದ ಪದ್ಧತಿ ಇಲ್ಲಿ ಬಹಳ ಉಪಯುಕ್ತ: ಅರಮನೆಯ ಬೊಕ್ಕಸಕ್ಕೆ ನೇರವಾಗಿ ಸೇರುವವು ‘ಭಂಡಾರವಾಡ’, ಸೈನ್ಯ ಸಾಕುವ ಷರತ್ತಿನ ಮೇಲೆ ನಾಯಕರಿಗೆ ಬಿಟ್ಟವು ‘ಅಮರ’, ದೇವಸ್ಥಾನ, ಮಠ, ವಿದ್ವಾಂಸರಿಗೆ ತೆರಿಗೆ ಇಲ್ಲದೆ ಬಿಟ್ಟವು ‘ಮಾನ್ಯ’. ಮಲೆಸೀಮೆಯಲ್ಲಿ 400 ಭಂಡಾರವಾಡ, 600 ಅಮರ, 200 ಮಾನ್ಯ.

ಅಮರದ 600 ಹಳ್ಳಿಗಳನ್ನು ಹಂಚೋಣ. 4 ಮಹಾಸಾಮಂತರಿಗೆ ತಲಾ 60, 10 ನಾಯಕರಿಗೆ ತಲಾ 24, 40 ಗಾವುಂಡರಿಗೆ (ಊರ ಮುಖ್ಯಸ್ಥರಿಗೆ) ತಲಾ 3. ಒಟ್ಟು 54 ಮನೆತನ. ಪ್ರತಿಯೊಬ್ಬನೂ ಆದಾಯದ ಮೂರನೇ ಒಂದು ಪಾಲು ಕಪ್ಪ ಕೊಡಬೇಕು, ಅರ್ಧ ಸೈನ್ಯಕ್ಕೆ, ಉಳಿದದ್ದು ಮನೆಗೆ. 60 ಹಳ್ಳಿಯ ಮಹಾಸಾಮಂತನಿಗೆ 6000 ವರಹ ಬಂದರೆ 2000 ಕಪ್ಪ, 3000 ಸೈನ್ಯಕ್ಕೆ, 1000 ಅವನಿಗೆ. ಕಾಲಾಳಿಗೆ ವರ್ಷಕ್ಕೆ 10 ವರಹ ಎಂದರೆ 300 ಆಳು. ಇದೇ ಲೆಕ್ಕದಲ್ಲಿ ನಾಯಕನಿಗೆ 120 ಆಳು, ಗಾವುಂಡನಿಗೆ 15. ಎಲ್ಲ ಸೇರಿ 3000 ಆಳು, ರಾಜನಿಗೆ 20,000 ವರಹ ಕಪ್ಪ. ಭಂಡಾರವಾಡದ 40,000 ಸೇರಿಸಿದರೆ ಅರಮನೆಯ ವರಮಾನ 60,000 ವರಹ.

ಈಗ ನಿಮ್ಮ ರಾಜ ಯುದ್ಧ ಗೆದ್ದ ಖುಷಿಯಲ್ಲಿ ಐದನೆಯ ಮಹಾಸಾಮಂತನನ್ನು ಮಾಡುತ್ತಾನೆ ಎನ್ನಿ. 60 ಹಳ್ಳಿ ಎಲ್ಲಿಂದ? ಭಂಡಾರವಾಡದಿಂದ ಕೊಟ್ಟರೆ 6000 ವರಹ ಹೋಗಿ 2000 ಕಪ್ಪವಾಗಿ ವಾಪಸು ಬರುತ್ತದೆ; ವರ್ಷಕ್ಕೆ 4000 ನಷ್ಟ, ಅಂದರೆ ವರಮಾನದ ಹದಿನೈದನೇ ಒಂದು ಪಾಲು. ಮಾನ್ಯದಿಂದ ಕಿತ್ತುಕೊಟ್ಟರೆ ಮಠದವರು ತಿರುಗಿಬೀಳುತ್ತಾರೆ. ಹಳೆಯ ಸಾಮಂತನಿಂದ ಕಿತ್ತುಕೊಟ್ಟರೆ ದಂಗೆ. ಗೆದ್ದ ನಾಡಿನಿಂದ ಕೊಡುವುದೊಂದೇ ಸುಖದ ದಾರಿ. ದೊಡ್ಡ ಬಹುಮಾನಗಳು ವಿಜಯದ ಬೆನ್ನಿಗೇ ಯಾಕೆ ಬರುತ್ತವೆ, ಯುದ್ಧ ನಿಂತುಹೋದ ರಾಜ್ಯದಲ್ಲಿ ಆಸ್ಥಾನಿಕರು ಯಾಕೆ ಪರಸ್ಪರ ಕಚ್ಚಾಡುತ್ತಾರೆ ಎಂಬುದಕ್ಕೆ ಈ ಅಂಕಿಗಳೇ ಉತ್ತರ.

ಸಾಮಾನ್ಯ ತಪ್ಪು: ಸಣ್ಣ ರಾಜ್ಯದಲ್ಲಿ ಮೂವತ್ತು ಮಹಾಸಾಮಂತರು. ಮಲೆಸೀಮೆಯಲ್ಲಿ ಹಾಗೆ ಮಾಡಿದರೆ 1800 ಹಳ್ಳಿ ಬೇಕು, ಇರುವುದೇ 1200.

ಹಂತ 2: ಕೊಡುವವನು ಯಾರು, ಹಿಂದಕ್ಕೆ ಪಡೆಯುವವನು ಯಾರು

ಎಲ್ಲ ಗೌರವವೂ ರಾಜನಿಂದಲೇ ಬರುತ್ತದೆ ಎಂದು ಬರೆದು ಮುಂದೆ ಹೋಗಬೇಡಿ. ಸಾಮಂತನೂ ತನ್ನವರಿಗೆ ಕೊಡುತ್ತಾನೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗಾಗಿ ಗಂಗರ ಇಮ್ಮಡಿ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಚಕ್ರವರ್ತಿ ಮೆಚ್ಚಿ ಬೂತುಗನಿಗೆ ಬನವಾಸಿ 12000 ಮೊದಲಾದ ನಾಡುಗಳನ್ನೇ ಕೊಟ್ಟ. ಬೂತುಗ ತನ್ನ ಭಟ ಮಣಲೇರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಚಕ್ರವರ್ತಿ, ಸಾಮಂತ, ಭಟ: ಮೆಚ್ಚುಗೆ ಎರಡು ಮೆಟ್ಟಿಲು ಇಳಿದಿದೆ. ನಿಮ್ಮ ರಾಜ್ಯದಲ್ಲಿ ಯಾವ ಮೆಟ್ಟಿಲಿನವನು ಏನನ್ನು ಕೊಡಬಲ್ಲ ಎಂದು ಒಂದೊಂದು ಸಾಲು ಬರೆದಿಡಿ. ನಾಯಕ ಭೂಮಿ ಕೊಡಬಹುದೆ? ಬಿರುದು ಕೊಡಬಹುದೆ? ಅವನು ಕೊಟ್ಟದ್ದನ್ನು ರಾಜ ಮನ್ನಿಸಬೇಕೆ?

ಹಿಂದಕ್ಕೆ ಪಡೆಯುವ ವಿಷಯದಲ್ಲಿ ಮೂರು ಮಾದರಿಗಳು ಸಾಕು. ಮೊಘಲರ ಮನಸಬ್ ಪದ್ಧತಿಯಲ್ಲಿ ಅಂತಸ್ತು ಒಂದು ಸಂಖ್ಯೆ. ‘ಜಾತ್’ ಎಂಬ ಅಂಕಿ ವ್ಯಕ್ತಿಯ ಸ್ಥಾನ ಮತ್ತು ಸಂಬಳವನ್ನು, ‘ಸವಾರ್’ ಎಂಬ ಅಂಕಿ ಅವನು ಸಾಕಬೇಕಾದ ಕುದುರೆ ಸವಾರರನ್ನು ಹೇಳುತ್ತದೆ. ಜಹಗೀರನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದರು. ಮನಸಬ್ ಮಗನಿಗೆ ಹಕ್ಕಾಗಿ ಇಳಿಯುತ್ತಿರಲಿಲ್ಲ. ಇಂಗ್ಲೆಂಡಿನದು ಇದರ ವಿರುದ್ಧ ತುದಿ: ಒಮ್ಮೆ ಕೊಟ್ಟ ಪಿಯರ್ (ಕುಲೀನ) ಪದವಿಯನ್ನು ರಾಜ ತನ್ನ ಇಷ್ಟದಂತೆ ಕಸಿಯಲಾರ. ಮೊದಲ ಮಹಾಯುದ್ಧದಲ್ಲಿ ಶತ್ರುಪಕ್ಷ ಸೇರಿದವರ ಪದವಿ ತೆಗೆಯಲು 1917ರಲ್ಲಿ ಪಾರ್ಲಿಮೆಂಟ್ ಬೇರೆ ಕಾಯಿದೆಯನ್ನೇ ಮಾಡಬೇಕಾಯಿತು. ವಿಜಯನಗರದ ಅಮರನಾಯಕತನ ಇವೆರಡರ ನಡುವಿನದು: ಹಕ್ಕು ಷರತ್ತಿನ ಮೇಲೆ, ಆದರೆ ಅರಮನೆ ಸೊರಗಿದಷ್ಟೂ ನಾಯಕರು ಬೇರೂರಿದರು. ಕಥೆಗೆ ಇದಕ್ಕಿಂತ ಹುಲುಸಾದ ನೆಲ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕಾಗದದಲ್ಲಿ ಒಂದು ನಿಯಮ, ನೆಲದಲ್ಲಿ ಇನ್ನೊಂದು.

ಎಚ್ಚರಿಕೆ: ಹುದ್ದೆಯನ್ನು ವಂಶಪಾರಂಪರ್ಯ ಮಾಡುವ ಮುನ್ನ ಎರಡು ಸಲ ಯೋಚಿಸಿ. ಮೈಸೂರಿನಲ್ಲಿ ದಳವಾಯಿ ಎಂಬುದು ಸೇನಾಪತಿಯ ಹುದ್ದೆ. ಅದು ಕಳಲೆ ಮನೆತನದ ಹಿಡಿತದಲ್ಲಿ ಉಳಿದು, 18ನೇ ಶತಮಾನದ ಮಧ್ಯಕ್ಕೆ ಒಡೆಯರು ಹೆಸರಿಗಷ್ಟೇ ಅರಸರಾದರು. ಆ ಸಂದಿಯಲ್ಲೇ ಹೈದರಾಲಿ ಮೇಲೆ ಬಂದ. ನಿಮ್ಮ ಸೇನಾಪತಿಯ ಮಗನೂ ಸೇನಾಪತಿ, ಮೊಮ್ಮಗನೂ ಸೇನಾಪತಿ ಆಗಿದ್ದರೆ ರಾಜ ಇನ್ನೂ ಹೇಗೆ ಬಲವಾಗಿದ್ದಾನೆ ಎಂದು ಓದುಗರು ಕೇಳುತ್ತಾರೆ.

ಹಂತ 3: ಅಂತಸ್ತುಗಳ ಹೆಸರು

ಮೂರರಿಂದ ಐದು ಮೆಟ್ಟಿಲು ಸಾಕು. ಇಂಗ್ಲೆಂಡಿನಲ್ಲಿ ಐದು: ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಏಳೆಂಟು ಮಾಡಿದರೆ ಓದುಗರು ಮೂರನೇ ಅಧ್ಯಾಯದಲ್ಲೇ ಮರೆಯುತ್ತಾರೆ.

ಇನ್ನು ‘ಡ್ಯೂಕ್’ ಪ್ರಶ್ನೆ. ಅದಕ್ಕೆ ಸಮಾನಪದ ಹುಡುಕಬೇಡಿ. ನಿಮ್ಮ ಪಾತ್ರ ಏನು ಮಾಡುತ್ತಾನೆ ಎಂಬುದಕ್ಕೆ ಪದ ಹುಡುಕಿ. ಕನ್ನಡದ ಪದಗಳು ಪದರ ಪದರವಾಗಿ ಬಂದಿವೆ, ಒಂದು ಪದರವನ್ನು ಆರಿಸಿ ಅದರಲ್ಲೇ ಇರಿ.

ಶಾಸನಗಳ ಪದರ: ಮಹಾಮಂಡಲೇಶ್ವರ, ಮಹಾಸಾಮಂತ, ದಂಡನಾಯಕ, ಪೆರ್ಗಡೆ (ಹೆಗ್ಗಡೆ), ನಾಳ್ಗಾವುಂಡ (ನಾಡಿನ ಗಾವುಂಡ), ಸೇನಬೋವ. ವಿಜಯನಗರ ಮತ್ತು ಅದರ ನಂತರದ ಪದರ: ರಾಯ, ನಾಯಕ, ಅಮರನಾಯಕ, ಪಾಳೆಯಗಾರ, ದಳವಾಯಿ, ಒಡೆಯ. ಪಾರಸಿ ಪದರ: ದಿವಾನ, ಜಹಗೀರುದಾರ, ಸರದಾರ, ನವಾಬ, ದರ್ಬಾರು, ಖಿಲ್ಲತ್ತು (ಗೌರವಕ್ಕೆ ಕೊಡುವ ಉಡುಪು). ಕತ್ತಿ ಮತ್ತು ಬಿಲ್ಲಿನ ಕಾಲದ, ಹಳಗನ್ನಡದ ಹೆಸರುಗಳ ರಾಜ್ಯದಲ್ಲಿ ‘ದಿವಾನರು ದರ್ಬಾರಿಗೆ ಬಂದರು’ ಎಂದು ಬರೆದರೆ, ಯಾಕೆಂದು ಹೇಳಲು ಬಾರದಿದ್ದರೂ ಕನ್ನಡ ಕಿವಿಗೆ ಒಡಕು ಕೇಳಿಸುತ್ತದೆ. ಅಲ್ಲಿ ‘ಪ್ರಧಾನರು ಓಲಗಕ್ಕೆ ಬಂದರು’ ಎನ್ನಿ. ಎರಡು ಪದರ ಬೆರೆಸಲೇಬೇಕೆಂದರೆ ಕಥೆಯಲ್ಲಿ ಕಾರಣವಿರಲಿ: ಹೊರಗಿನಿಂದ ಬಂದ ಆಡಳಿತ, ಮದುವೆ ಸಂಬಂಧ, ಸೋಲು.

ನಾಡಿನ ಹೆಸರಿಗೆ ಸಂಖ್ಯೆ ಸೇರಿಸುವ ಹಳೆಯ ರೂಢಿಯನ್ನೂ ಬಳಸಿಕೊಳ್ಳಿ. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000, ಬೆಳ್ವೊಲ 300, ಕಿಸುಕಾಡು 70. ಸಂಖ್ಯೆ ನೋಡಿದೊಡನೆ ಯಾರು ದೊಡ್ಡವನೆಂದು ಗೊತ್ತಾಗುತ್ತದೆ. ವಿವರಣೆಯ ಒಂದು ಪುಟ ಉಳಿಯುತ್ತದೆ. ಸಯಾಮಿನ (ಇಂದಿನ ಥಾಯ್ಲೆಂಡ್) ಅಯುಥಾಯ ರಾಜ್ಯ ಇನ್ನೂ ಮುಂದೆ ಹೋಗಿ ಮನುಷ್ಯರಿಗೇ ಸಂಖ್ಯೆ ಕೊಟ್ಟಿತ್ತು. ‘ಸಕ್ದಿನಾ’ ಎಂಬ ಆ ಗದ್ದೆಯ ಅಳತೆಯಲ್ಲಿ ದಾಸನಿಗೆ 5, ಸಾಮಾನ್ಯ ಪ್ರಜೆಗೆ 25, ಅಧಿಕಾರಿವರ್ಗ 400ರಿಂದ ಮೇಲೆ.

ಹೆಂಗಸರ ಪದವಿಯನ್ನು ಗಂಡನ ಪದವಿಗೆ ‘ಇ’ಕಾರ ಹಚ್ಚಿ ಮುಗಿಸುವುದು ಬಹಳ ಕಡೆ ಕಾಣುವ ಕೊರತೆ. ನಮ್ಮ ಶಾಸನಗಳಲ್ಲಿ ಪಿರಿಯರಸಿ, ಪಟ್ಟಮಹಾದೇವಿ ಎಂಬ ಬೇರೆಯೇ ಪದಗಳಿವೆ. ಚಾಲುಕ್ಯ ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡನ್ನು ತಾನೇ ಆಳಿದಳು. ಅವಳಿಗೆ ‘ಗುಣದಬೆಡಂಗಿ’ ಎಂಬ ಸ್ವಂತ ಬಿರುದಿತ್ತು. ಅತ್ತಿಮಬ್ಬೆಗೆ ‘ದಾನಚಿಂತಾಮಣಿ’. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಎರಡು ಕಂಬಸಾಲು ಮಾಡಿ: ಮದುವೆಯಿಂದ ಬರುವ ಪದವಿ, ತನ್ನ ಹಕ್ಕಿನಿಂದ ಬರುವ ಪದವಿ. ವಿಧವೆಯಾದಾಗ ಮೊದಲನೆಯದು ಏನಾಗುತ್ತದೆ ಎಂದೂ ಬರೆಯಿರಿ.

ಹಂತ 4: ಯಾರಿಗೆ ಇಳಿಯುತ್ತದೆ

ಇಲ್ಲಿ ಅವಸರ ಮಾಡಬೇಡಿ. ಪ್ರತಿಯೊಂದು ಪದವಿಗೂ ಒಂದೇ ವಾಕ್ಯದ ಉತ್ತರಾಧಿಕಾರ ನಿಯಮ ಬರೆಯಿರಿ. ಆಯ್ಕೆಗಳು ಇವು.

ಹಿರಿಮಗನಿಗೆ ಮಾತ್ರ: ಆಸ್ತಿ ಒಡೆಯುವುದಿಲ್ಲ, ಆದರೆ ಕಿರಿಯರು ಬರಿಗೈ. ಅವರನ್ನು ಸೈನ್ಯಕ್ಕೋ ಮಠಕ್ಕೋ ಕಳಿಸಬೇಕು.

ಎಲ್ಲ ಮಕ್ಕಳಿಗೂ: ಮೂರು ತಲೆಮಾರಿಗೆ 60 ಹಳ್ಳಿ ಎರಡೋ ಮೂರೋ ಹಳ್ಳಿಯಾಗುತ್ತದೆ. ತಲೆಮಾರಿಗೆ ಮೂವರು ಗಂಡುಮಕ್ಕಳೆಂದರೆ ಲೆಕ್ಕ 60, 20, ಏಳಕ್ಕಿಂತ ಕಡಿಮೆ, ಎರಡು ಚಿಲ್ಲರೆ.

ಅಳಿಯಕಟ್ಟು: ತುಳುನಾಡಿನ ಪದ್ಧತಿ. ಹಕ್ಕು ಮಗನಿಗಲ್ಲ, ಸೋದರಿಯ ಮಕ್ಕಳಿಗೆ. ಉಳ್ಳಾಲದ ರಾಣಿ ಅಬ್ಬಕ್ಕನ ಚೌಟ ಮನೆತನದ್ದು ಈ ಕಟ್ಟು; ತಿರುವಾಂಕೂರಿನ ಅರಸುಮನೆಯಲ್ಲೂ ಹೀಗೇ. ಈ ನಿಯಮ ಇಟ್ಟರೆ ಅರಸನ ಅಕ್ಕತಂಗಿಯರು ಆಸ್ಥಾನದ ಅತಿ ಮುಖ್ಯ ವ್ಯಕ್ತಿಗಳಾಗುತ್ತಾರೆ, ಅರಸನ ಹೆಂಡತಿಯಲ್ಲ. ಅದಕ್ಕೆ ತಕ್ಕಂತೆ ಇಡೀ ಕಥೆಯ ಸಂಬಂಧಗಳನ್ನು ತಿದ್ದಬೇಕಾಗುತ್ತದೆ, ಅರ್ಧಂಬರ್ಧ ಬಳಸಿದರೆ ಕೆಡುತ್ತದೆ.

ಇಳಿಯುತ್ತ ಹೋಗುವುದು: ಥಾಯ್ ರಾಜವಂಶದಲ್ಲಿ ಮೊಮ್ಮಗ ‘ಮೊಮ್ ಚಾವೊ’, ಮರಿಮಗ ‘ಮೊಮ್ ರಾಜವೊಂಗ್’, ಅವನ ಮಗ ‘ಮೊಮ್ ಲುವಾಂಗ್’, ಮುಂದಿನವನು ಸಾಮಾನ್ಯ ಪ್ರಜೆ. ರಾಜನಿಗೆ ತುಂಬ ಮಕ್ಕಳಿರುವ ರಾಜ್ಯಕ್ಕೆ ಇದು ಹೇಳಿಮಾಡಿಸಿದ್ದು. ರಾಜಕುಮಾರರ ಜಾತ್ರೆ ಆಗುವುದಿಲ್ಲ.

ಜೀವಿತಾವಧಿಗೆ ಮಾತ್ರ: ಬ್ರಿಟನ್ನಿನಲ್ಲಿ 1958ರ ಕಾಯಿದೆಯಿಂದ ಬಂದ ಆಜೀವ ಪಿಯರ್ ಪದವಿಗಳು ಹೀಗೆ. ಹೊಂದಿದವನ ಜೊತೆಗೇ ಮುಗಿಯುತ್ತವೆ.

ನಿಯಮ ಬರೆದ ಮೇಲೆ ಮೂರು ಕಠಿಣ ಪ್ರಶ್ನೆ ಕೇಳಿ. ಗಂಡು ಸಂತಾನವಿಲ್ಲದಿದ್ದರೆ? ದತ್ತುಮಗ ನಡೆಯುತ್ತಾನೆಯೆ? ಅಪ್ರಾಪ್ತನಾದರೆ ಪರವಾಗಿ ಯಾರು? ದತ್ತಿನ ಪ್ರಶ್ನೆ ಸಣ್ಣದೆಂದು ತಿಳಿಯಬೇಡಿ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ; ಅದೇ ವರ್ಷ ಅಕ್ಟೋಬರಿನಲ್ಲಿ ಯುದ್ಧವಾಗಿ ಥ್ಯಾಕರೆ ಸತ್ತ, ಚೆನ್ನಮ್ಮ ಕನ್ನಡ ನಾಡಿನ ಮಾತಾದಳು.

ಇನ್ನೊಂದು ಲೆಕ್ಕ ಬಹುತೇಕರಿಗೆ ತಿಳಿದಿರುವುದಿಲ್ಲ. 14, 15ನೇ ಶತಮಾನದ ಇಂಗ್ಲೆಂಡಿನಲ್ಲಿ ಪ್ರತಿ 25 ವರ್ಷಕ್ಕೆ ಸುಮಾರು ಕಾಲುಭಾಗದಷ್ಟು ಕುಲೀನ ಮನೆತನಗಳ ನೇರ ಗಂಡುಸಂತತಿ ನಿಂತುಹೋಗುತ್ತಿತ್ತು. ಇದನ್ನು ಮಲೆಸೀಮೆಯ 54 ಮನೆತನಗಳಿಗೆ ಅನ್ವಯಿಸಿದರೆ 100 ವರ್ಷದ ಕೊನೆಗೆ ಉಳಿಯುವುದು 17. ಹಾಗಾಗಿ ‘ಸಾವಿರ ವರ್ಷದಿಂದ ಬಂದ ಅದೇ ಹನ್ನೆರಡು ಮನೆತನ’ ಎಂದು ಬರೆಯುವ ಮುನ್ನ ದತ್ತು, ಹೆಣ್ಣಿನ ಮೂಲಕ ಹಕ್ಕು, ಅಥವಾ ಹೊಸಬರಿಗೆ ಹಳೆಯ ಪದವಿ ಕೊಡುವ ರೂಢಿ, ಇವುಗಳಲ್ಲಿ ಒಂದನ್ನು ಸೇರಿಸಲೇಬೇಕು. ಶತಮಾನಕ್ಕೆ 37 ಮನೆತನ ಖಾಲಿಯಾಗುತ್ತವೆ ಎಂದರೆ ಅಷ್ಟು ಹೊಸಬರು ಮೇಲೆ ಬರುತ್ತಾರೆ ಎಂದೂ ಅರ್ಥ. ನಿಮ್ಮ ಕಥಾನಾಯಕ ಅವರಲ್ಲಿ ಒಬ್ಬನಾಗಬಹುದು.

ಹಂತ 5: ಬಿರುದು

ಬಿರುದು ವಿಶೇಷಣವಲ್ಲ, ದಾಖಲೆ. ಗಂಗರ ಮಂತ್ರಿ, ದಂಡನಾಯಕ ಚಾವುಂಡರಾಯನ ಬಿರುದುಗಳನ್ನು ನೋಡಿ: ಖೇಡಗದ ಕಾಳಗಕ್ಕೆ ‘ಸಮರಧುರಂಧರ’, ಗೋನೂರಿನ ಬಯಲಿನ ಯುದ್ಧಕ್ಕೆ ‘ವೀರಮಾರ್ತಾಂಡ’, ಉಚ್ಚಂಗಿ ಕೋಟೆಯ ಹೋರಾಟಕ್ಕೆ ‘ರಣರಂಗಸಿಂಗ’. ಒಂದೊಂದು ಹೆಸರಿನ ಹಿಂದೆ ಒಂದೊಂದು ಜಾಗ. ಹೊಯ್ಸಳ ವಿಷ್ಣುವರ್ಧನ ತಳಕಾಡನ್ನು ಚೋಳರಿಂದ ಗೆದ್ದು ‘ತಳಕಾಡುಗೊಂಡ’ನಾದ, ಆ ಬಿರುದನ್ನು ನಾಣ್ಯದ ಮೇಲೂ ಹಾಕಿಸಿದ. ಊರಿನ ಹೆಸರಿಗೆ ‘ಕೊಂಡ’ ಸೇರಿಸುವ ಈ ಕ್ರಮ ಕಾದಂಬರಿಗೆ ಬಹಳ ಸರಳ, ಬಹಳ ಗಟ್ಟಿ.

ಎರಡನೆಯ ಬಗೆ, ಯಾರಿಗೆ ಸವಾಲೆಂದು ಹೇಳುವ ‘ಗಂಡ’ ಬಿರುದುಗಳು: ವಿಜಯನಗರದ ಅರಸರ ‘ಮೂರುರಾಯರ ಗಂಡ’, ‘ಭಾಷೆಗೆ ತಪ್ಪುವ ರಾಯರ ಗಂಡ’. ‘ಗಂಡ’ ಎಂದರೆ ಇಲ್ಲಿ ಮೀರಿಸುವ ವೀರ. ಎರಡನೆಯದನ್ನು ಗಮನಿಸಿ: ಮಾತಿಗೆ ತಪ್ಪುವ ಅರಸರಿಗೆ ಶಿಕ್ಷಕ ಎಂದು ಸಾರಿದವನು ತಾನು ಮಾತಿಗೆ ತಪ್ಪಿದರೆ ಆಸ್ಥಾನದಲ್ಲಿ ಏನಾಗಬಹುದು!

ಮೂರನೆಯದು ಪೂರ್ವಿಕರ ಊರಿನ ಹಕ್ಕು. ಸವದತ್ತಿಯಿಂದ ಆಳಿದ ರಟ್ಟರು ತಮ್ಮನ್ನು ‘ಲತ್ತಲೂರು ಪುರವರಾಧೀಶ್ವರ’ ಎಂದೇ ಕರೆದುಕೊಂಡರು, ಹೊಯ್ಸಳರು ‘ದ್ವಾರಾವತೀ ಪುರವರಾಧೀಶ್ವರ’. ಕೈಯಲ್ಲಿಲ್ಲದ ಊರಿನ ಒಡೆತನ ಹೆಸರಿನಲ್ಲಿ ಉಳಿಯುತ್ತದೆ. ದೇಶ ಬಿಟ್ಟುಬಂದ ಮನೆತನವೊಂದು ನಿಮ್ಮ ಕಥೆಯಲ್ಲಿದ್ದರೆ ಇದನ್ನು ಬಿಡಬೇಡಿ.

ವಿದ್ವಾಂಸರಿಗೆ, ಕಲಾವಿದರಿಗೆ ಬೇರೆ ಬಿರುದು ಬೇಕು. ರನ್ನ ಮತ್ತು ಜನ್ನನಿಗೆ ‘ಕವಿಚಕ್ರವರ್ತಿ’, ಪೊನ್ನನಿಗೆ ‘ಉಭಯಕವಿಚಕ್ರವರ್ತಿ’. 20ನೇ ಶತಮಾನದ ಮೈಸೂರಿನಲ್ಲೂ ಪದ್ಧತಿ ನಡೆದಿತ್ತು: ಬಿ.ಎಂ. ಶ್ರೀಕಂಠಯ್ಯ ‘ರಾಜಸೇವಾಸಕ್ತ’, ಆರ್. ನರಸಿಂಹಾಚಾರ್ ‘ಪ್ರಾಕ್ತನ ವಿಮರ್ಶ ವಿಚಕ್ಷಣ’. ಹಳೆಯ ಗ್ರಂಥ, ಶಾಸನಗಳನ್ನು ಒರೆಗೆ ಹಚ್ಚಿದವರಿಗೆ ‘ಪ್ರಾಕ್ತನ ವಿಮರ್ಶ’, ಕೆಲಸವೇ ಬಿರುದಾಗಿದೆ.

ಎಷ್ಟು ಬಿರುದು? ಒಬ್ಬ ಪಾತ್ರಕ್ಕೆ ಮೂರು ಸಾಕು. ಓಲಗದಲ್ಲಿ ಹೊಗಳುಭಟ್ಟ ಪೂರ್ತಿ ಬಿರುದಾವಳಿ ಹೇಳುವ ದೃಶ್ಯವನ್ನು ಕಾದಂಬರಿಗೆ ಒಂದೇ ಸಲ ಇಡಿ, ಆಮೇಲೆ ಒಂದೇ ಬಿರುದಿನಿಂದ ಕರೆಯಿರಿ. ಬಿರುದು ಅವನ ಬಲಕ್ಕಿಂತ ಹಿಂದೆ ಉಳಿಯಬಹುದು ಎಂಬುದನ್ನೂ ನೆನಪಿಡಿ: ವಿಜಯನಗರ ಕಟ್ಟಿದ ಹರಿಹರ, ಬುಕ್ಕರೇ ಶಾಸನಗಳಲ್ಲಿ ಬಹುಕಾಲ ಬರಿಯ ‘ಮಹಾಮಂಡಲೇಶ್ವರ’ರು.

ಹಂತ 6: ಸಮ್ಮಾನಶ್ರೇಣಿ

ಭೂಮಿ ಮುಗಿದಾಗ ರಾಜರು ಪಟ್ಟಿ, ಪದಕಗಳ ಕಡೆ ತಿರುಗುತ್ತಾರೆ. ಎರಡು ಬಗೆ ಇವೆ. ಸಣ್ಣ ಕೂಟ: 1348ರ ಹೊತ್ತಿಗೆ ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ಸ್ಥಾಪಿಸಿದ ಗಾರ್ಟರ್ ಶ್ರೇಣಿಯಲ್ಲಿ ರಾಜ, ಯುವರಾಜರ ಹೊರತು 24 ಸದಸ್ಯರು, ಒಬ್ಬರು ತೀರಿಕೊಂಡ ಮೇಲೆಯೇ ಇನ್ನೊಬ್ಬರಿಗೆ ಜಾಗ. ದೊಡ್ಡ ಶ್ರೇಣಿ: ನೆಪೋಲಿಯನ್ 1802ರಲ್ಲಿ ಸ್ಥಾಪಿಸಿದ ಲೀಜನ್ ಆಫ್ ಆನರ್, 1917ರಲ್ಲಿ ಐದನೆಯ ಜಾರ್ಜ್ ತಂದ ಬ್ರಿಟಿಷ್ ಸಾಮ್ರಾಜ್ಯ ಶ್ರೇಣಿ. ಎರಡರಲ್ಲೂ ಐದು ದರ್ಜೆ, ಸೈನಿಕರಿಗೂ ನಾಗರಿಕರಿಗೂ ಬಾಗಿಲು ತೆರೆದದ್ದು.

ನಿಮ್ಮ ರಾಜ್ಯಕ್ಕೆ ಒಂದು ಸಣ್ಣದು, ಒಂದು ದೊಡ್ಡದು ಸಾಕು. ಮಲೆಸೀಮೆಗೆ 12 ಜನರ ಕೂಟವೊಂದು, ಮೂರು ದರ್ಜೆಯ ಶ್ರೇಣಿಯೊಂದು. ಪ್ರತಿ ದರ್ಜೆಗೂ ಧರಿಸುವ ಜಾಗ ಬೇರೆ ಇರಲಿ: ಕೆಳದರ್ಜೆಯವರು ಎದೆಗೆ, ನಡುದರ್ಜೆಯವರು ಕೊರಳಿಗೆ, ಮೇಲ್ದರ್ಜೆಯವರು ಹೆಗಲಿನಿಂದ ಸೊಂಟಕ್ಕೆ ಇಳಿಯುವ ಪಟ್ಟಿ ಮತ್ತು ಎದೆಯ ನಕ್ಷತ್ರ. ಯುರೋಪಿನ ರೀತಿ ಬೇಡವೆಂದರೆ ನಮ್ಮಲ್ಲೇ ಗಂಡಪೆಂಡೇರವಿದೆ: ವೀರರಿಗೆ, ಕವಿಗಳಿಗೆ ತೊಡಿಸುತ್ತಿದ್ದ ಕಾಲಿನ ಕಡಗ. ಚಿನ್ನದ ಲೆಕ್ಕವನ್ನೂ ಹಾಕಿ. 12 ಸದಸ್ಯರಿಗೆ ತಲಾ 20 ತೊಲದ ಕಡಗ ಎಂದರೆ 240 ತೊಲ, ಅಂದರೆ ಸುಮಾರು 2.8 ಕಿಲೊ. ಸದಸ್ಯ ಸತ್ತ ಮೇಲೆ ಅರಮನೆಗೆ ಮರಳಿಸಬೇಕೆಂಬ ನಿಯಮ ಮಾಡಿದರೆ ಅಷ್ಟೇ ಚಿನ್ನದಲ್ಲಿ ಶ್ರೇಣಿ ನಡೆಯುತ್ತದೆ. ಮರಳಿಸಲು ಒಪ್ಪದ ಮಗನೊಬ್ಬನ ಕಥೆಯೂ ಸಿಗುತ್ತದೆ.

ಮಡಿದವರಿಗೆ ಏನು ಎಂಬುದನ್ನು ಮರೆಯಬೇಡಿ. ಹಳೆಯ ಕರ್ನಾಟಕದಲ್ಲಿ ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ‘ನೆತ್ತರುಗೊಡಗೆ’, ಅವನ ಹೆಸರಿಗೆ ವೀರಗಲ್ಲು. ಪದಕಕ್ಕಿಂತ ಈ ಒಂದು ಮಾತು ಹೆಚ್ಚು ಹೇಳುತ್ತದೆ.

ಹಂತ 7: ಕಣ್ಣಿಗೆ, ಕಿವಿಗೆ ತಿಳಿಯುವ ಹಕ್ಕುಗಳು

ಓದದ ಪ್ರಜೆಗೆ ಪದವಿ ತಿಳಿಯುವುದು ಕೊಡೆ, ಪಲ್ಲಕ್ಕಿ, ವಾದ್ಯಗಳಿಂದ. ಸಾಮಂತರ ಶಾಸನಗಳಲ್ಲಿ ‘ಸಮಧಿಗತ ಪಂಚಮಹಾಶಬ್ದ’ ಎಂದು ಮೊದಲಿಗೇ ಬರುತ್ತದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ, ಈ ಐದು ವಾದ್ಯಗಳನ್ನು ನುಡಿಸಿಕೊಳ್ಳುವ ಹಕ್ಕು ಪಡೆದವನು. ಧ್ವಜ ಬೇರೆ, ಲಾಂಛನ ಬೇರೆ: ಹಾನಗಲ್ಲಿನ ಕದಂಬರದು ವಾನರಧ್ವಜ, ಸಿಂಹಲಾಂಛನ. ಬ್ರಿಟಿಷರು ಇದೇ ಕೆಲಸಕ್ಕೆ ತೋಪು ಬಳಸಿದರು. ಸಂಸ್ಥಾನಗಳಿಗೆ 9ರಿಂದ 21ರವರೆಗೆ ಬೆಸ ಸಂಖ್ಯೆಯ ಕುಶಾಲುತೋಪು. 21 ತೋಪು ಪಡೆದದ್ದು ಹೈದರಾಬಾದ್, ಮೈಸೂರು, ಬರೋಡ, ಗ್ವಾಲಿಯರ್, ಕಾಶ್ಮೀರ ಮಾತ್ರ. ಅದರಲ್ಲೂ ಸಂಸ್ಥಾನಕ್ಕೆ ಶಾಶ್ವತವಾದದ್ದು, ಆ ಅರಸನಿಗೆ ವೈಯಕ್ತಿಕವಾದದ್ದು, ಅವನ ಗಡಿಯೊಳಗೆ ಮಾತ್ರ ಹಾರಿಸುವ ಸ್ಥಳೀಯವಾದದ್ದು ಎಂಬ ಭೇದ. ಎರಡು ತೋಪು ಹೆಚ್ಚಿಸುವುದರಿಂದ ಬೊಕ್ಕಸಕ್ಕೆ ಏನೂ ಹೊರೆಯಿಲ್ಲ, ಪಕ್ಕದ ಅರಸನ ನಿದ್ದೆ ಮಾತ್ರ ಹೋಗುತ್ತದೆ.

ಪ್ರತಿ ಹಕ್ಕಿನ ಎದುರಿಗೆ ಒಂದು ಋಣವನ್ನೂ ಬರೆಯಿರಿ. ಹೊಯ್ಸಳರ ‘ಗರುಡ’ರು ಒಡೆಯನ ಜೊತೆಗೇ ಪ್ರಾಣ ಬಿಡುವ ಪ್ರತಿಜ್ಞೆ ಮಾಡಿದವರು. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ ತನ್ನವರೊಡನೆ ಹಾಗೆ ಮಾಡಿದ್ದನ್ನು ಹಳೇಬೀಡಿನ ಗರುಡಗಂಬ ಹೇಳುತ್ತದೆ. ಋಣವಿಲ್ಲದ ಪದವಿ ಓದುಗರ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಹಂತ 8: ಸನ್ನದು ಬರೆಯುವುದು

ಮುಖ್ಯ ಪದವಿಯೊಂದಕ್ಕಾದರೂ ಪೂರ್ಣ ದಾನಪತ್ರ ಬರೆದು ನೋಡಿ. ತಾಮ್ರಶಾಸನದ ಕ್ರಮ ಹೀಗಿರುತ್ತದೆ: ದೇವತಾಸ್ತುತಿ, ರಾಜವಂಶದ ಪ್ರಶಸ್ತಿ, ಶಕವರ್ಷ ಸಂವತ್ಸರ ಮಾಸ ತಿಥಿ, ಕೊಡುವವನು, ಪಡೆಯುವವನು ಮತ್ತು ಅವನ ತಂದೆ ಗೋತ್ರ, ಕಾರಣ, ಊರು ಮತ್ತು ನಾಲ್ಕೂ ದಿಕ್ಕಿನ ಎಲ್ಲೆ, ಹಕ್ಕುಗಳು, ಅವಧಿ, ಸಾಕ್ಷಿಗಳು, ಶಾಪ, ಕೊನೆಗೆ ಒಪ್ಪ (ಸಹಿ). ವಿಜಯನಗರದ ತಾಮ್ರಪಟಗಳಲ್ಲಿ ಒಳಗಿನ ಮಾತು ಸಂಸ್ಕೃತದಲ್ಲಿದ್ದರೂ ಕೊನೆಯ ಒಪ್ಪ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’.

ಹಕ್ಕುಗಳ ಜಾಗದಲ್ಲಿ ‘ಅಷ್ಟಭೋಗ’ ಬರುತ್ತದೆ: ನಿಧಿ (ಹೂತಿಟ್ಟ ಹೊನ್ನು), ನಿಕ್ಷೇಪ (ಇಟ್ಟ ಒತ್ತೆ), ಜಲ, ಪಾಷಾಣ (ಕಲ್ಲುಗಣಿ), ಅಕ್ಷೀಣಿ (ಸವೆಯದ ಆದಾಯ), ಆಗಾಮಿ (ಮುಂದೆ ಬರುವುದು), ಸಿದ್ಧ (ಈಗಾಗಲೇ ಕೈಗೆ ಬಂದದ್ದು), ಸಾಧ್ಯ (ಮುಂದೆ ಬೆಳೆಸಬಹುದಾದದ್ದು). ಇದರಲ್ಲಿ ಒಂದನ್ನು ಬೇಕೆಂದೇ ಬಿಟ್ಟು ಬರೆಯಿರಿ. ಪಾಷಾಣ ಬಿಟ್ಟ ಸನ್ನದಿನ ಊರಲ್ಲಿ ಎರಡು ತಲೆಮಾರಿನ ಮೇಲೆ ಚಿನ್ನದ ಗಣಿ ಸಿಕ್ಕರೆ ಸಾಮಂತ ಮತ್ತು ಅರಮನೆಯ ನಡುವೆ ಜಗಳಕ್ಕೆ ಬೇರೆ ಕಾರಣ ಬೇಡ. ‘ಆಚಂದ್ರಾರ್ಕ’ ಎಂದರೆ ಸೂರ್ಯಚಂದ್ರರಿರುವವರೆಗೆ. ಈ ಮಾತು ಬರೆದರೆ ಅವಧಿಯ ಮಿತಿ ಇಲ್ಲ. ಜೀವಿತಾವಧಿಗೆ ಕೊಟ್ಟ ಪದವಿಯ ಪತ್ರದಲ್ಲಿ ಇದನ್ನು ರೂಢಿಯಿಂದ ಸೇರಿಸಿಬಿಡುವುದು ಲೇಖಕರು ಮಾಡುವ ತಪ್ಪು.

ಹಂತ 9: ಕರೆಯುವ ರೀತಿ

ಯಾರು ಯಾರಿಗೆ ‘ನೀನು’, ‘ನೀವು’, ‘ತಾವು’ ಎನ್ನುತ್ತಾರೆ ಎಂದು ಒಂದು ಚೌಕಟ್ಟು ಮಾಡಿ: ಎಡಗಡೆ ಮಾತನಾಡುವವರು, ಮೇಲ್ಗಡೆ ಕೇಳುವವರು. ಐದು ಅಂತಸ್ತಿಗೆ 25 ಮನೆ. ‘ಜೀಯ’, ‘ಒಡೆಯ’, ‘ಬುದ್ಧಿ’, ‘ಮಹಾಸ್ವಾಮಿ’, ‘ಧಣಿ’ ಒಂದೇ ತೂಕದವಲ್ಲ. ‘ಬುದ್ಧಿ’ ಹಳ್ಳಿಯವನ ಬಾಯಿಗೆ ಸಹಜ, ಮಂತ್ರಿಯ ಬಾಯಿಗಲ್ಲ. ಕ್ರಿಯಾಪದವೂ ಬದಲಾಗುತ್ತದೆ: ರಾಜ ಬರುವುದಿಲ್ಲ, ದಯಮಾಡಿಸುತ್ತಾನೆ, ಕೇಳುವುದಿಲ್ಲ, ಚಿತ್ತೈಸುತ್ತಾನೆ, ಹೇಳುವುದಿಲ್ಲ, ಅಪ್ಪಣೆ ಕೊಡಿಸುತ್ತಾನೆ. ಇಂಗ್ಲಿಷಿನ ‘ಮೈ ಲಾರ್ಡ್’ ಅನ್ನು ‘ನನ್ನ ಪ್ರಭು’ ಎಂದು ಪ್ರತಿ ವಾಕ್ಯಕ್ಕೂ ಹಚ್ಚಬೇಡಿ, ನಮ್ಮಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಇದೆ. ಸೇನಾಪತಿ ಒಂದು ದಿನ ‘ತಾವು’ ಬಿಟ್ಟು ‘ನೀವು’ ಎಂದರೆ ಸಾಕು, ದಂಗೆ ಹತ್ತಿರವಾಯಿತೆಂದು ಕನ್ನಡದ ಓದುಗರಿಗೆ ಗೊತ್ತಾಗುತ್ತದೆ.

ಹಂತ 10: ಕೆಡುವ ಬಗೆ

ಪ್ರತಿ ವ್ಯವಸ್ಥೆಯೂ ಒಂದು ಕಡೆ ಸೋರುತ್ತದೆ, ಎಲ್ಲಿ ಎಂದು ನೀವೇ ನಿರ್ಧರಿಸಿ. ಹಣಕ್ಕೆ ಮಾರುವುದು ಎಲ್ಲಕ್ಕಿಂತ ಹಳೆಯ ಸೋರಿಕೆ. ಇಂಗ್ಲೆಂಡಿನ ಒಂದನೆಯ ಜೇಮ್ಸ್ 1611ರಲ್ಲಿ ‘ಬ್ಯಾರೊನೆಟ್’ ಎಂಬ ಹೊಸ ಪದವಿಯನ್ನೇ ಸೃಷ್ಟಿಸಿದ. ಬೆಲೆ 1095 ಪೌಂಡ್, ಐರ್ಲೆಂಡಿನ ಅಲ್‌ಸ್ಟರ್‌ನಲ್ಲಿ 30 ಸೈನಿಕರನ್ನು ಮೂರು ವರ್ಷ ಸಾಕುವ ಖರ್ಚು. ಮೂರು ಶತಮಾನದ ಮೇಲೆ ಪ್ರಧಾನಿ ಲಾಯ್ಡ್ ಜಾರ್ಜ್ ಕಾಲದ ಪದವಿ ಮಾರಾಟದ ಹಗರಣದಿಂದ 1925ರಲ್ಲಿ ಅದನ್ನು ತಡೆಯುವ ಕಾಯಿದೆ ಬಂತು. ಮಾರಾಟ ತೋರಿಸುವಾಗ ಬೆಲೆಯನ್ನು ಹಂತ 1ರ ಲೆಕ್ಕಕ್ಕೆ ಹೊಂದಿಸಿ. ಮಲೆಸೀಮೆಯ ಗಾವುಂಡನ ಮನೆಗೆ ಉಳಿಯುವುದು ವರ್ಷಕ್ಕೆ 50 ವರಹ. ಅವನು 5000 ವರಹ ಕೊಟ್ಟು ನಾಯಕಪದವಿ ಕೊಂಡ ಎಂದರೆ ಹಣ ಬಂದ ದಾರಿಯನ್ನು ನೀವು ಹೇಳಬೇಕು.

ರಾಜ್ಯ ಗಣರಾಜ್ಯವಾದ ಮೇಲಿನ ಕಥೆ ಬರೆಯುವವರಿಗೆ ನಮ್ಮ ದೇಶದ್ದೇ ಮಾದರಿಯಿದೆ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿತು, 1971ರ 26ನೇ ತಿದ್ದುಪಡಿ ಅರಸರ ಮಾನ್ಯತೆ ಮತ್ತು ರಾಜಧನವನ್ನು ತೆಗೆಯಿತು. ಪದ್ಮ ಪ್ರಶಸ್ತಿಗಳು ಉಳಿದವು, ಆದರೆ ಅವುಗಳನ್ನು ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಹಂತ 11: ಪರೀಕ್ಷೆ

ಮುಖ್ಯ ಕಥೆಗೆ ಕೈ ಹಾಕುವ ಮುನ್ನ ಒಂದು ಮದುವೆಯ ಊಟದ ಪಂಕ್ತಿಯನ್ನು ಬರೆದು ನೋಡಿ. ಒಬ್ಬ ಮಹಾಸಾಮಂತನ ವಿಧವೆ, ರಾಜನ ಅಳಿಯ, ಹುದ್ದೆ ಕಳೆದುಕೊಂಡ ದಂಡನಾಯಕ, ಬಿರುದು ಮಾತ್ರ ಇರುವ ಕವಿ, ಹಣ ಕೊಟ್ಟು ಪದವಿ ಕೊಂಡ ಗಾವುಂಡ, ಪಕ್ಕದ ರಾಜ್ಯದ ಹತ್ತು ವರ್ಷದ ಯುವರಾಜ. ಯಾರು ಎಲ್ಲಿ ಕೂರುತ್ತಾರೆ, ಎಲೆ ಮೊದಲು ಯಾರಿಗೆ, ಯಾರು ಯಾರನ್ನು ಏನೆಂದು ಕರೆಯುತ್ತಾರೆ? ಪುಸ್ತಕ ನೋಡದೆ ಆರು ಜನರನ್ನೂ ಕೂರಿಸಲು ಆದರೆ ವ್ಯವಸ್ಥೆ ಸಿದ್ಧ. ಯಾರಾದರೂ ಇಬ್ಬರ ನಡುವೆ ತೀರ್ಮಾನ ಆಗದಿದ್ದರೆ ನಿಯಮ ಕಡಿಮೆಯಾದದ್ದು ಯಾವ ಹಂತದಲ್ಲಿ ಎಂದು ಹುಡುಕಿ. ವಿಧವೆಯಾದರೆ 3ಕ್ಕೆ, ಅಳಿಯನಾದರೆ 4ಕ್ಕೆ, ದಂಡನಾಯಕನಾದರೆ 2ಕ್ಕೆ ಮರಳಿ ಹೋಗಿ.